ತೋಟದ ನೋಮ್ ಬಂದದ್ದು ಗಣಿಯಿಂದ

ಮೊದಲ ವರ್ಷದ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಉಬುಂಟು ಹಾಕಿದ ಸಿಸ್ಟಮ್ ಮುಂದೆ ಕೂತವರು ಒಂದು ಹೆಸರನ್ನು ಕಂಡೇ ಇರ್ತೀರಿ: ಗ್ನೋಮ್. ಪಾದದ ಗುರುತಿರುವ ಆ ಡೆಸ್ಕ್‌ಟಾಪ್. 1997ರಲ್ಲಿ ಶುರುವಾದ ಆ ಯೋಜನೆಯ ಹೆಸರು ಉದ್ದನೆಯ ತಾಂತ್ರಿಕ ಹೆಸರೊಂದರ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ್ದು. ಆದರೆ ಆ ಅಕ್ಷರಗಳು ಸೇರಿದಾಗ ಆಗುವ ಇಂಗ್ಲಿಷ್ ಪದ ಬಹಳ ಹಳೆಯದು, ಅದರಲ್ಲಿ 'ಜಿ' ಬಾಯಿ ಬಿಡೋದೇ ಇಲ್ಲ. ಉಚ್ಚಾರಣೆ 'ನೋಮ್'. ಯುರೋಪಿನ ಮನೆಗಳ ಮುಂದಿನ ತೋಟದಲ್ಲಿ ಬಿಳಿ ಗಡ್ಡ, ಚೂಪು ಕೆಂಪು ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ಗುದ್ದಲಿಯೋ ಲಾಟೀನೋ ಹಿಡಿದು ನಿಂತಿರುತ್ತಲ್ಲ ಒಂದು ಗಿಡ್ಡ ಬೊಂಬೆ, ಅದೇ ನೋಮ್.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಸ್ವಲ್ಪ ತಲೆ ಕೆಡಿಸಿಕೊಂಡೆ. ಯಕ್ಷ ಅಂದರೆ ಕಿರೀಟ ಇಟ್ಟ ವೇಷಧಾರಿ ಕಣ್ಣಮುಂದೆ ಬರ್ತಾನೆ. ಕುಬ್ಜ ಅಂದರೆ ನಿಜವಾದ ಮನುಷ್ಯರನ್ನು ಆಡಿಕೊಂಡ ಹಾಗಾಗತ್ತೆ. ಹಾಗಾಗಿ ನೋಮ್ ಅಂತಲೇ ಬಿಡೋಣ. ನನಗೆ ಕುತೂಹಲ ಇದ್ದದ್ದು ಬೇರೆ ವಿಷಯಕ್ಕೆ: ಹೂವಿನ ತೋಟದಲ್ಲಿ ನಿಲ್ಲೋ ಬೊಂಬೆಗೆ ಲಾಟೀನು ಯಾಕೆ? ಗುಲಾಬಿ ಗಿಡದ ಪಕ್ಕ ಪಿಕಾಸಿಗೆ ಏನು ಕೆಲಸ?

ಉತ್ತರ ಹುಡುಕುತ್ತಾ ಹೋದರೆ ತೋಟ ಮಾಯವಾಗಿ ಗಣಿ ಸಿಗತ್ತೆ.

ನೋಮ್ ಅನ್ನುವ ಪದವನ್ನು ಚಲಾವಣೆಗೆ ತಂದವನು ಪ್ಯಾರಾಸೆಲ್ಸಸ್. 1493ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ವೈದ್ಯ, ರಸವಾದಿ, ಊರೂರು ಅಲೆದವನು, ಎಲ್ಲರ ಜೊತೆ ಜಗಳ ಆಡಿದವನು. 1541ರಲ್ಲಿ ಅವನು ಸತ್ತು ಎಷ್ಟೋ ವರ್ಷ ಆದಮೇಲೆ, 1566ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ನಾಲ್ಕು ಭೂತಗಳಿಗೆ ನಾಲ್ಕು ಬಗೆಯ ಜೀವಿಗಳನ್ನು ಹೇಳ್ತಾನೆ: ನೀರಿಗೆ ಅಂಡೈನ್, ಗಾಳಿಗೆ ಸಿಲ್ಫ್, ಬೆಂಕಿಗೆ ಸಲಮಾಂಡರ್, ಮಣ್ಣಿಗೆ ನೋಮ್. ನಾವು ಗಾಳಿಯಲ್ಲಿ ಓಡಾಡುವಷ್ಟೇ ಸಲೀಸಾಗಿ ನೋಮ್‌ಗಳು ಬಂಡೆಯೊಳಗೆ ಓಡಾಡ್ತಾವಂತೆ. ಇದಿಷ್ಟನ್ನೇ ಓದಿದರೆ ಒಳ್ಳೆ ಫ್ಯಾಂಟಸಿ ಕಾದಂಬರಿಯ ಸರಕು ಅನ್ನಿಸತ್ತೆ.

ಆದರೆ ಇದೇ ಪ್ಯಾರಾಸೆಲ್ಸಸ್ ಇನ್ನೊಂದು ಪುಸ್ತಕ ಬರೆದಿದ್ದ. ಅವನು ಬೆಳೆದದ್ದು ಈಗಿನ ಆಸ್ಟ್ರಿಯಾದ ವಿಲಾಖ್ ಎಂಬ ಊರಲ್ಲಿ, ಸುತ್ತಮುತ್ತ ಗಣಿಗಳು. ಗಣಿಗೆ ಇಳಿದವರು ಕೆಲವೇ ವರ್ಷಗಳಲ್ಲಿ ಕೆಮ್ಮಿ, ಉಸಿರು ಕಟ್ಟಿ, ಸವೆದು ಸಾಯೋದನ್ನು ಅವನು ಕಣ್ಣಾರೆ ಕಂಡಿದ್ದ. ಜರ್ಮನ್ನರು ಆ ಕಾಯಿಲೆಯನ್ನು 'ಬೆರ್ಗ್‌ಸುಖ್ಟ್' ಅಂತಿದ್ದರು, ಅಂದರೆ ಬೆಟ್ಟದ ರೋಗ. ಬೆಟ್ಟದೊಳಗಿನ ಜೀವಿಗಳು ಪಾಪಕ್ಕೆ ಕೊಡುವ ಶಿಕ್ಷೆ ಅದು ಅನ್ನೋದು ಜನರ ನಂಬಿಕೆ. ಪ್ಯಾರಾಸೆಲ್ಸಸ್ ಇಲ್ಲ ಅಂದ. ಗಣಿಯಲ್ಲಿ, ಕುಲುಮೆಯಲ್ಲಿ ಲೋಹದ ಆವಿ ಉಸಿರಿನ ಜೊತೆ ಒಳಗೆ ಹೋಗತ್ತೆ, ಅದರಿಂದ ಬರುವ ಕಾಯಿಲೆ ಇದು ಅಂದ. ಕೆಲಸದಿಂದಲೇ ಬರುವ ರೋಗಗಳ ಬಗ್ಗೆ ಬಂದ ಮೊದಲ ಪುಸ್ತಕಗಳ ಸಾಲಿನಲ್ಲಿ ಅದಕ್ಕೆ ಜಾಗ ಇದೆ. ನೋಮ್‌ಗೆ ಹೆಸರಿಟ್ಟವನೂ ಅವನೇ, ಸಾವಿಗೆ ನೋಮ್ ಕಾರಣ ಅಲ್ಲ ಅಂತ ಹೇಳಿದವನೂ ಅವನೇ! ನನಗೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇದು.

ಇನ್ನೊಬ್ಬ ಅದೇ ಕಾಲದವನು ಗೇಯಾರ್ಗ್ ಅಗ್ರಿಕೋಲ. ಮೈನಿಂಗ್ ಓದುವವರಿಗೆ ಇವನ ಹೆಸರು ಗೊತ್ತಿರತ್ತೆ. 1556ರಲ್ಲಿ ಬಂದ 'ಡಿ ರೀ ಮೆಟಾಲಿಕಾ' ಸುಮಾರು ಎರಡು ಶತಮಾನ ಗಣಿಗಾರಿಕೆಯ ಪಠ್ಯಪುಸ್ತಕವೇ ಆಗಿತ್ತು. (ಅದನ್ನು 1912ರಲ್ಲಿ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದದ್ದು ಒಬ್ಬ ಮೈನಿಂಗ್ ಎಂಜಿನಿಯರ್ ಮತ್ತು ಅವನ ಹೆಂಡತಿ. ಆ ಎಂಜಿನಿಯರ್ ಹರ್ಬರ್ಟ್ ಹೂವರ್, ಆಮೇಲೆ ಅಮೆರಿಕದ ಅಧ್ಯಕ್ಷನಾದ. ನಮ್ಮ ಜಾತಿಯವರು ಏನು ಬೇಕಾದರೂ ಆಗಬಹುದು!) ಅಗ್ರಿಕೋಲ ಯೋಆಖಿಮ್ಸ್‌ಟಾಲ್ ಎಂಬ ಬೆಳ್ಳಿ ಗಣಿಯ ಊರಲ್ಲಿ ವೈದ್ಯನಾಗಿದ್ದ. ಅಲ್ಲಿ ಟಂಕಿಸಿದ ಬೆಳ್ಳಿ ನಾಣ್ಯ 'ಟಾಲರ್', ಅದರಿಂದಲೇ 'ಡಾಲರ್' ಪದ ಬಂತು.

ನೆಲದಡಿಯ ಪ್ರಾಣಿಗಳ ಬಗ್ಗೆ 1549ರಲ್ಲಿ ಅವನು ಬರೆದ ಚಿಕ್ಕ ಪುಸ್ತಕದ ಕೊನೆಗೆ, ಇಲಿ ಹೆಗ್ಗಣಗಳ ಸಾಲಿನಲ್ಲೇ, ಗಣಿಯ ಪುಟ್ಟ ಮನುಷ್ಯರೂ ಬರ್ತಾರೆ. ಎತ್ತರ ಎರಡು ಮೂರು ಅಡಿಯೊಳಗೆ, ಮುದುಕರ ಹಾಗೆ ಕಾಣ್ತಾರೆ, ಗಣಿಯವರಂತೆಯೇ ಬಟ್ಟೆ. ಇಡೀ ದಿನ ಅಗೆಯೋ, ಹೊರೋ ಹಾಗೆ ಓಡಾಡ್ತಾರೆ, ಆದರೆ ಏನೂ ಕೆಲಸ ಮಾಡಿರೋದಿಲ್ಲ. (ಹಾಸ್ಟೆಲಿನಲ್ಲಿ ಅಂಥವರು ನನಗೆ ಕೆಲವರು ಗೊತ್ತು.) ಕಲ್ಲು ಎಸೀತಾರೆ, ಆದರೆ ಅವರನ್ನು ಗೇಲಿ ಮಾಡದ ಹೊರತು ಪೆಟ್ಟು ಮಾಡೋದಿಲ್ಲ. ಎಲ್ಲರೂ ಇಷ್ಟು ಸಾಧು ಅಲ್ಲ. ಆನಾಬೆರ್ಗ್‌ನ ಒಂದು ಗಣಿಯಲ್ಲಿ ಒಂದು ಪಿಶಾಚಿ ಬರೀ ತನ್ನ ಉಸಿರಿನಿಂದಲೇ ಹನ್ನೆರಡಕ್ಕೂ ಹೆಚ್ಚು ಜನರನ್ನು ಕೊಂದಿತು ಅಂತ ಅವನು ಬರೀತಾನೆ. ಉಸಿರಿನಿಂದ ಕೊಲ್ಲುವ ಪಿಶಾಚಿ! ಎನ್ವಿರಾನ್‌ಮೆಂಟಲ್ ಸೈನ್ಸ್ ಪೇಪರ್ ಪಾಸಾದ ಯಾರಾದರೂ ಅಲ್ಲಿ ವಿಷಗಾಳಿ ತುಂಬಿತ್ತೇನೋ ಅಂತ ಅನುಮಾನ ಪಡ್ತಾರೆ. ಆದರೆ ಆಗ ಗ್ಯಾಸ್ ಡಿಟೆಕ್ಟರ್ ಇರಲಿಲ್ಲ. ಕಾರಣ ಕಾಣದ ಸಾವಿಗೆ ಒಂದು ಮುಖ ಬೇಕಿತ್ತು.

'ಡಿ ರೀ ಮೆಟಾಲಿಕಾ'ದಲ್ಲಿ ಇನ್ನೊಂದು ಮಾತಿದೆ. ಕಾರ್ಪೇಥಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಏಳು ಗಂಡಂದಿರನ್ನು ಮದುವೆಯಾದ ಹೆಂಗಸರಿದ್ದಾರಂತೆ. ಏಳೂ ಜನರನ್ನು ಎದೆಯ ರೋಗ ಒಯ್ದಿತ್ತು. ಇದು ಜನಪದ ಕಥೆಯ ಏಳು ಅಲ್ಲ. ಅದೇ ಬೆಳ್ಳಿ ಸೀಮೆಯ ಷ್ನೇಬೆರ್ಗ್ ಗಣಿಯವರ ರೋಗ ಶ್ವಾಸಕೋಶದ ಕ್ಯಾನ್ಸರ್ ಅಂತ ಇಬ್ಬರು ವೈದ್ಯರು ತೋರಿಸಿಕೊಟ್ಟದ್ದು 1879ರಲ್ಲಿ. ಬಂಡೆಯಿಂದ ಹೊರಬರುವ ರೇಡಾನ್ ಅನಿಲದ ಪಾತ್ರ ಗೊತ್ತಾದದ್ದು ಇನ್ನೂ ತಡವಾಗಿ. ಮೇರಿ ಕ್ಯೂರಿ ರೇಡಿಯಂ ತೆಗೆದ ಅದಿರು ಬಂದದ್ದು ಅದೇ ಯೋಆಖಿಮ್ಸ್‌ಟಾಲ್‌ನಿಂದ ಅನ್ನೋದನ್ನು ನೆನಪಿಸಿಕೊಂಡರೆ ಲೆಕ್ಕ ತಾಳೆಯಾಗತ್ತೆ.

ಈಗ ಕೆಮಿಸ್ಟ್ರಿ. ಜರ್ಮನ್ ಗಣಿಯವರು ತಮ್ಮ ಕಾಟ ಕೊಡುವ ಪುಟ್ಟ ಭೂತಕ್ಕೆ ಇಟ್ಟ ಹೆಸರು 'ಕೋಬೋಲ್ಡ್'. ಕೆಲವು ಕಡೆ ಬೆಳ್ಳಿಯಂತೆ ಹೊಳೆಯುವ ಅದಿರು ಸಿಗ್ತಿತ್ತು. ಕಷ್ಟಪಟ್ಟು ಅಗೆದು, ಕುಲುಮೆಗೆ ಹಾಕಿದರೆ ಬೆಳ್ಳಿ ಬರ್ತಿರಲಿಲ್ಲ, ವಿಷದ ಹೊಗೆ ಬರ್ತಿತ್ತು. ಆ ಅದಿರಿನಲ್ಲಿ ಆರ್ಸೆನಿಕ್, ಅಂದರೆ ಪಾಷಾಣ ಇತ್ತು. ಕೋಬೋಲ್ಡ್ ಬೆಳ್ಳಿ ಕದ್ದು ಈ ದರಿದ್ರವನ್ನು ಇಟ್ಟು ಹೋಗಿದ್ದಾನೆ ಅಂತ ಬೈದುಕೊಂಡು ಅದಿರಿಗೂ ಅವನ ಹೆಸರನ್ನೇ ಇಟ್ಟರು. 1730ರ ದಶಕದಲ್ಲಿ ಸ್ವೀಡನ್ನಿನ ಗೇಯಾರ್ಗ್ ಬ್ರಾಂಟ್, ಆ ಅದಿರು ಗಾಜಿಗೆ ಕೊಡುವ ನೀಲಿ ಬಣ್ಣ ಒಂದು ಹೊಸ ಲೋಹದ್ದು ಅಂತ ತೋರಿಸಿದ. ಹೆಸರು ಹಾಗೇ ಉಳೀತು: ಕೋಬಾಲ್ಟ್. ತಾಮ್ರದ ಬಣ್ಣದ ಇನ್ನೊಂದು ಅದಿರು, ಎಷ್ಟು ಕಾಯಿಸಿದರೂ ತಾಮ್ರ ಕೊಡದೆ ಸತಾಯಿಸಿದ್ದು, 'ಕುಪ್ಫರ್‌ನಿಕೆಲ್'. ಕುಪ್ಫರ್ ಅಂದರೆ ತಾಮ್ರ, ನಿಕೆಲ್ ಅಂದರೆ ತುಂಟ ಭೂತದ ಮುದ್ದಿನ ಹೆಸರು. 1751ರಲ್ಲಿ ಇನ್ನೊಬ್ಬ ಸ್ವೀಡನ್ನಿನವನು, ಆಕ್ಸೆಲ್ ಕ್ರೋನ್‌ಸ್ಟೆಟ್, ಅಂಥದೇ ಅದಿರಿನಿಂದ ಹೊಸ ಲೋಹ ತೆಗೆದ. ತಾಮ್ರ ಬಿಟ್ಟು ಭೂತ ಉಳೀತು. ಆವರ್ತ ಕೋಷ್ಟಕದಲ್ಲಿ 27 ಮತ್ತು 28, ಅಕ್ಕಪಕ್ಕದ ಮನೆ. ಪಿಯುಸಿಯಲ್ಲಿ ನಾವು ಉರು ಹೊಡೆದದ್ದು ಎರಡು ಭೂತಗಳ ಹೆಸರನ್ನ, ಯಾರೂ ಹೇಳಿಕೊಡಲಿಲ್ಲ.

ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ತವರದ ಗಣಿಗಳಿದ್ದವು. ಅಲ್ಲಿನ ಪುಟ್ಟವರ ಹೆಸರು 'ನಾಕರ್', ಬಡಿಯುವವರು. ಸುರಂಗದ ಗೋಡೆಯೊಳಗಿಂದ ಟಕ್ ಟಕ್ ಅಂತ ಸದ್ದು ಬಂದರೆ ನಾಕರ್‌ಗಳು ಬಡೀತಿದ್ದಾರೆ ಅಂತ ಅರ್ಥ. ಒಳ್ಳೆ ಅದಿರು ಇಲ್ಲಿದೆ ಅಂತ ಹೇಳ್ತಿರಬಹುದು, ಇಲ್ಲಾ ಮಾಡು ಕುಸೀತದೆ, ಓಡಿ ಅಂತ ಹೇಳ್ತಿರಬಹುದು. ಗಣಿಯವರು ಬುತ್ತಿಯ ಪೇಸ್ಟಿಯ ಅಂಚಿನ ಚೂರೊಂದನ್ನು ಅವರಿಗೆ ಬಿಡ್ತಿದ್ದರು. ಸುರಂಗದಲ್ಲಿ ಶಿಳ್ಳೆ ಹಾಕಬಾರದು, ನಾಕರ್‌ಗಳಿಗೆ ಸಿಟ್ಟು ಬರತ್ತೆ.

ಇದನ್ನು ಮೂಢನಂಬಿಕೆ ಅಂತ ಪಕ್ಕಕ್ಕೆ ತಳ್ಳೋದು ಸುಲಭ. ಆದರೆ ಸದ್ದು ನಿಜ ಕಣ್ರೀ. ಒತ್ತಡ ಹೆಚ್ಚಾದಾಗ ಬಂಡೆಯೊಳಗೆ ಸಣ್ಣ ಬಿರುಕುಗಳು ಬಿಡ್ತವೆ, ಪ್ರತಿ ಬಿರುಕೂ ಒಂದು ಸದ್ದು ಮಾಡತ್ತೆ. ಮಾಡಿಗೆ ಕೊಟ್ಟ ಮರದ ಕಂಬ ಮುರಿಯುವ ಮುಂಚೆ ಕಿರುಗುಟ್ಟತ್ತೆ. ಉಕ್ಕಿನ ಕಂಬ ಬಂದಮೇಲೂ ಎಷ್ಟೋ ಗಣಿಯವರು ಮರವನ್ನೇ ನಂಬಿದ್ದು ಅದಕ್ಕೇ, ಮರ ಮೊದಲು ಮಾತಾಡತ್ತೆ. 1930ರ ದಶಕದ ಕೊನೆಗೆ ಅಮೆರಿಕದ ಗಣಿ ಇಲಾಖೆಯ ಲಿಯೊನಾರ್ಡ್ ಓಬರ್ಟ್, ಗಣಿಯ ಕಲ್ಲುಕಂಬದಲ್ಲಿ ಶಬ್ದದ ವೇಗ ಅಳೆಯೋಕೆ ಹೋದಾಗ, ಇವನು ಕಳಿಸದ ಸಿಗ್ನಲ್‌ಗಳೂ ಉಪಕರಣದಲ್ಲಿ ಬಂದವು. ಬಂಡೆಯೇ ಸದ್ದು ಮಾಡ್ತಿತ್ತು. ಒತ್ತಡದ ಬಂಡೆಗೆ ಕಿವಿ ಕೊಡುವ ಮೈಕ್ರೋಸೈಸ್ಮಿಕ್ ವಿಧಾನ ಬೆಳೆದದ್ದು ಅಲ್ಲಿಂದ. ಸಿವಿಲ್, ಮೆಕ್ಯಾನಿಕಲ್‌ನವರು ಅಕೌಸ್ಟಿಕ್ ಎಮಿಷನ್ ಟೆಸ್ಟ್ ಅಂತ ಓದುವುದೂ ಇದೇ ಮನೆತನದ್ದು. ನಾಕರ್ ಅಂದರೆ ಸೆನ್ಸರ್ ಇಲ್ಲದ ಕಾಲದ ಅಲಾರಂ. ಸದ್ದು ಕೇಳಿ 'ಏನೋ ಇರಬೇಕು' ಅಂತ ಸುಮ್ಮನಿದ್ದವನಿಗಿಂತ, 'ನಾಕರ್ ಕರೀತಿದ್ದಾನೆ' ಅಂತ ಓಡಿದವನು ಬದುಕುವ ಸಾಧ್ಯತೆ ಜಾಸ್ತಿ ಇತ್ತು.

ಈ ಕಾರ್ನ್‌ವಾಲ್‌ನವರು ನಮಗೆ ದೂರದವರೇನಲ್ಲ. ಅಲ್ಲಿ ತವರದ ವ್ಯಾಪಾರ ಬಿದ್ದಮೇಲೆ ಅವರು ಪ್ರಪಂಚದ ಗಣಿಗಳಿಗೆಲ್ಲ ಗುಳೆ ಹೋದರು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸಿದ ಕೋಲಾರದ ಚಿನ್ನದ ಗಣಿಗೂ ಬಂದರು. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದದ್ದು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಯಲ್ಲಿ ದೊಡ್ಡ ಭಯ ಬಂಡೆ ಸಿಡಿತದ್ದು: ಒತ್ತಡಕ್ಕೆ ಬಂಡೆ ಗುಂಡಿನ ಹಾಗೆ ಒಡೆದು ಚಿಮ್ಮೋದು. ಅಲ್ಲಿ ಆಮೇಲೆ ಭೂಕಂಪ ಅಳೆಯುವಂಥ ಉಪಕರಣಗಳನ್ನು ಕೂರಿಸಿ ಬಂಡೆಯ ಸದ್ದನ್ನು ಕೇಳಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಗಣಿ 2001ರಲ್ಲಿ ಮುಚ್ಚಿತು.

ಹಾಗಾದರೆ ಗಣಿಯೊಳಗಿನವನು ತೋಟಕ್ಕೆ ಹೇಗೆ ಬಂದ? ಇಂಗ್ಲೆಂಡಿನ ನಾರ್ತ್‌ಹ್ಯಾಂಪ್ಟನ್‌ಶೈರ್‌ನಲ್ಲಿ ಲ್ಯಾಂಪೋರ್ಟ್ ಹಾಲ್ ಅಂತ ಒಂದು ಬಂಗಲೆ ಇದೆ. ಅದರ ಯಜಮಾನ ಸರ್ ಚಾರ್ಲ್ಸ್ ಐಶಮ್ 1847ರಿಂದ ಮನೆ ಮುಂದೆ ಕಲ್ಲುಬಂಡೆಗಳ ದೊಡ್ಡ ತೋಟ ಕಟ್ಟಿಸಿ, ಜರ್ಮನಿಯ ನ್ಯೂರೆಂಬರ್ಗ್‌ನಿಂದ ತರಿಸಿದ 21 ಮಣ್ಣಿನ ಬೊಂಬೆಗಳನ್ನು ಅದರ ಸಂದಿಗಳಲ್ಲಿ ನಿಲ್ಲಿಸಿದ. ಗಣಿಯೊಳಗಿನ ಪುಟ್ಟವರು ನಿಜ ಅಂತಲೇ ನಂಬಿದ್ದ ಮನುಷ್ಯ ಅವನು, ಅದಕ್ಕೇ ಅವನ ಬೊಂಬೆಗಳು ಹೂ ಕೀಳುತ್ತಿರಲಿಲ್ಲ, ಬಂಡೆ ಅಗೀತಿದ್ದವು. ಹೆಣ್ಣುಮಕ್ಕಳಿಗೆ ಅಪ್ಪನ ಈ ಹುಚ್ಚು ಇಷ್ಟ ಇರಲಿಲ್ಲ, ಅವನ ಕಾಲವಾದ ಮೇಲೆ ಬೊಂಬೆಗಳನ್ನು ತೆಗೆಸಿಬಿಟ್ಟರಂತೆ. ಒಂದು ಮಾತ್ರ ಬಿರುಕಿನೊಳಗೆ ಅಡಗಿ ಉಳಿದುಕೊಂಡಿತು. ಅದಕ್ಕೆ ಈಗ 'ಲ್ಯಾಂಪಿ' ಅಂತ ಹೆಸರು, ಹತ್ತು ಲಕ್ಷ ಪೌಂಡಿನ ವಿಮೆ ಅಂತ ಪತ್ರಿಕೆಗಳು ಬರೀತಾ ಇರ್ತವೆ.

ಆಮೇಲೆ ಅದು ಕೈಗಾರಿಕೆ ಆಯ್ತು. 1870ರ ದಶಕದಲ್ಲಿ ಜರ್ಮನಿಯ ಥುರಿಂಗಿಯಾ ಸೀಮೆಯ ಗ್ರೇಫೆನ್‌ರೋಡಾದಲ್ಲಿ ಫಿಲಿಪ್ ಗ್ರೀಬೆಲ್, ಆಗಸ್ಟ್ ಹೈಸ್ನರ್ ಥರದವರು ಬೊಂಬೆ ಕಾರ್ಖಾನೆ ಶುರುಮಾಡಿದರು. ಮಣ್ಣನ್ನು ಅಚ್ಚಿಗೆ ಹಾಕೋದು, ಒಣಗಿಸೋದು, ಸುಡೋದು, ಕೈಯಲ್ಲಿ ಬಣ್ಣ ಬಳಿಯೋದು. ಅಚ್ಚು ಬಂದಮೇಲೆ ಬೆಲೆ ಇಳೀತು, ಶ್ರೀಮಂತರ ಬಂಗಲೆಯಿಂದ ಸಾಮಾನ್ಯರ ಅಂಗಳಕ್ಕೆ ನೋಮ್ ಬಂದ. ಆಮೇಲೆ ಸಿಮೆಂಟು, ಆಮೇಲೆ ಪ್ಲಾಸ್ಟಿಕ್. ಅಗ್ಗ ಆದ ತಕ್ಷಣ ದೊಡ್ಡವರಿಗೆ ಬೇಡವಾದ: ಲಂಡನ್ನಿನ ಚೆಲ್ಸೀ ಹೂವಿನ ಪ್ರದರ್ಶನದಲ್ಲಿ ನೋಮ್‌ಗೆ ನಿಷೇಧ ಇತ್ತು, 2013ರ ಶತಮಾನೋತ್ಸವಕ್ಕೆ ಒಳಗೆ ಬಿಟ್ಟರು. ಬಂಡೆ ಒಳಗೆ ಓಡಾಡೋನಿಗೆ ಗೇಟ್ ಪಾಸ್!

ಟೊಪ್ಪಿಗೆ ವಿಷಯ ಮರೆತೆ. ಹಳೇ ಜರ್ಮನ್ ಗಣಿಯವರು ಚೂಪು ತುದಿಯ ಕುಲಾವಿ ಹಾಕ್ತಿದ್ದರು, ಮೇಲಿಂದ ಉದುರುವ ಕಲ್ಲು, ನೀರು ತಡೆಯೋಕೆ. ಇವತ್ತಿನ ಹೆಲ್ಮೆಟ್ಟಿನ ಅಜ್ಜ ಅನ್ನಿ. ಗಿಡ್ಡತನಕ್ಕೂ ಗಣಿಯಲ್ಲೇ ಒಂದು ಸುಳಿವಿದೆ. ಮಾನ್ಸ್‌ಫೆಲ್ಡ್‌ನ ತಾಮ್ರದ ಪದರ ಎಷ್ಟು ತೆಳುವಾಗಿತ್ತು ಅಂದರೆ, ಮನುಷ್ಯರು ಪಕ್ಕಕ್ಕೆ ಮಲಗಿಕೊಂಡೇ ಅಗೀಬೇಕಿತ್ತು. ಊರವರು ಅವರಿಗೆ 'ಸೊಟ್ಟ ಕುತ್ತಿಗೆಯವರು' ಅಂತ ಹೆಸರಿಟ್ಟಿದ್ದರು. ಅಂಥ ಕಿಂಡಿಯಿಂದ ತೆವಳಿ ಹೊರಬರುವ, ಕುಲಾವಿ ಹಾಕಿದ, ಬಾಗಿದ ಬೆನ್ನಿನ ಆಕೃತಿಯನ್ನು ದೂರದಿಂದ ನೋಡಿದ ಮಗುವಿಗೆ ಏನು ಕಂಡಿರಬಹುದು ಅಂತ ಯೋಚಿಸಿ.

ಮಕ್ಕಳ ಲೋಕಕ್ಕೆ ಬಂದ ಹಾದಿಯಲ್ಲಿ ಗಣಿಯ ಭೂತದ ಜೊತೆ ಮನೆಯ ಭೂತವೂ ಸೇರಿಕೊಂಡ. ಸ್ಕ್ಯಾಂಡಿನೇವಿಯಾದಲ್ಲಿ ಹೊಲ, ಕೊಟ್ಟಿಗೆ ಕಾಯುವ 'ನಿಸ್ಸೆ' ಅಂತ ಒಬ್ಬನಿದ್ದಾನೆ. ಕ್ರಿಸ್‌ಮಸ್ ರಾತ್ರಿ ಅವನಿಗೆ ಬೆಣ್ಣೆ ಹಾಕಿದ ಅಂಬಲಿ ಇಡಬೇಕು. ಒಂದು ಮನೆಯಲ್ಲಿ ಬೆಣ್ಣೆ ಕಾಣಲಿಲ್ಲ ಅಂತ ಸಿಟ್ಟಿಗೆ ಮನೆಯ ಹಸುವನ್ನೇ ಕೊಂದ. ವಾಪಸ್ ಬಂದು ಅಂಬಲಿ ತಿಂದರೆ ತಳದಲ್ಲಿ ಬೆಣ್ಣೆ ಇದೆ! ನಾಚಿಕೆಯಾಗಿ ಪಕ್ಕದೂರಿಂದ ಅಂಥದೇ ಹಸು ತಂದು ಕಟ್ಟಿದ. ಕಥೆ ನಗಿಸತ್ತೆ, ಆದರೆ ಅದರೊಳಗಿನ ಪಾಠ ಆಳಿಗೆ ಕೂಲಿ ತಪ್ಪಿಸಬೇಡ ಅನ್ನೋದು.

1812ರಲ್ಲಿ ಗ್ರಿಮ್ ಸೋದರರು ಅಚ್ಚು ಹಾಕಿಸಿದ ಸ್ನೋ ವೈಟ್ ಕಥೆಯ ಏಳು ಕುಳ್ಳರೂ ಬೆಟ್ಟದಲ್ಲಿ ಅದಿರು ಅಗೆಯುವವರೇ, ಅವರಿಗೆ ಹೆಸರಿಲ್ಲ. 1937ರ ಡಿಸ್ನಿ ಚಿತ್ರದಲ್ಲಿ ಹೆಸರು, ಸ್ವಭಾವ, ಹಾಡು ಎಲ್ಲಾ ಬಂತು. ಗಣಿಯೂ ಇದೆ, ಆದರೆ ಪಿಕಾಸಿ ತಾಗಿದರೆ ಸಾಣೆ ಹಿಡಿದ ವಜ್ರಗಳೇ ಉದುರ್ತವೆ. ಏಳು ಜನರಲ್ಲಿ ಒಬ್ಬ ಸೀನುವವನಿದ್ದಾನೆ. ಅವನಿಗೆ ಆಗದಿರೋದು ಹೂವಿನ ಪರಾಗ, ಕಲ್ಲಿನ ಧೂಳಲ್ಲ. ಯಾರೂ ಕೆಮ್ಮೋದಿಲ್ಲ. ಡಚ್ಚರ ಹುಯ್ಗನ್ ಮತ್ತು ಪೋರ್ಟ್‌ವ್ಲೀಟ್ 1976ರಲ್ಲಿ ಮಾಡಿದ ಚಿತ್ರಪುಸ್ತಕ ನೋಮ್‌ಗಳನ್ನು ಬಯಾಲಜಿ ರೆಕಾರ್ಡ್ ಬರೆದ ಹಾಗೆ ವರ್ಣಿಸಿತು: ಎತ್ತರ ಹದಿನೈದು ಸೆಂಟಿಮೀಟರ್, ಆಯಸ್ಸು ನಾನೂರು ವರ್ಷ. ಅದರಿಂದ 1985ರಲ್ಲಿ ಸ್ಪೇನ್‌ನಲ್ಲಿ ಬಂದ ಡೇವಿಡ್ ದಿ ನೋಮ್ ಕಾರ್ಟೂನಿನ ನಾಯಕ ವೈದ್ಯ. ಕೊನೇ ಕಂತಿನಲ್ಲಿ ಅವನೂ ಅವನ ಹೆಂಡತಿಯೂ ವಯಸ್ಸು ತುಂಬಿ, ಬೆಟ್ಟ ಹತ್ತಿ, ಮರಗಳಾಗಿಬಿಡ್ತಾರೆ. ಮಕ್ಕಳ ಕಾರ್ಟೂನಿನಲ್ಲಿ ಸಾವನ್ನು ತೋರಿಸಿದ ಧೈರ್ಯ ಮೆಚ್ಚಬೇಕು. 2011ರ 'ನೋಮಿಯೊ ಅಂಡ್ ಜೂಲಿಯೆಟ್' ಹೊತ್ತಿಗೆ ಗಣಿ ಪೂರ್ತಿ ಮಾಯ, ಉಳಿದದ್ದು ಎರಡು ತೋಟಗಳ ಜಗಳ.

ಹೀಗೆ ಪೂರ್ತಿ ಆಟಿಕೆಯಾದವನು ಒಮ್ಮೆ ಮಾತ್ರ ದೊಡ್ಡವರ ಕೆಲಸಕ್ಕೆ ಬಂದ, ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ. 1981ರ ಕೊನೆಗೆ ಅಲ್ಲಿ ಸೈನಿಕ ಆಡಳಿತ ಬಂತು. ಗೋಡೆ ಮೇಲೆ ಸರ್ಕಾರದ ವಿರುದ್ಧ ಘೋಷಣೆ ಬರೆದರೆ ಬೆಳಗಾಗೋದ್ರೊಳಗೆ ಅದರ ಮೇಲೆ ಬಣ್ಣ ಬಳೀತಿದ್ದರು. 1982ರಲ್ಲಿ ವಾಲ್ಡೆಮಾರ್ ಫಿಡ್ರಿಖ್ ಎಂಬುವನೂ ಅವನ ಗೆಳೆಯರೂ ಆ ಬಳಿದ ತೇಪೆಗಳ ಮೇಲೆಯೇ ಟೊಪ್ಪಿಗೆಯ ಪುಟ್ಟ ಕುಳ್ಳರನ್ನು ಬಿಡಿಸೋಕೆ ಶುರುಮಾಡಿದರು. ಘೋಷಣೆ ಇಲ್ಲ, ಬೈಗುಳ ಇಲ್ಲ. ಪೊಲೀಸರು ಹಿಡಿದು ಎಫ್‌ಐಆರ್‌ನಲ್ಲಿ ಏನಂತ ಬರೀಬೇಕು? 1988ರ ಜೂನ್ 1ರಂದು, ಮಕ್ಕಳ ದಿನ, ಸಾವಿರಾರು ಜನ ಕಿತ್ತಳೆ ಟೊಪ್ಪಿಗೆ ಹಾಕಿಕೊಂಡು ಬೀದಿಗೆ ಬಂದರು. ಈಗ ಆ ನಗರದ ತುಂಬ ಮೊಣಕಾಲೆತ್ತರ ಕೂಡ ಇಲ್ಲದ ಕಂಚಿನ ಕುಳ್ಳರು ನೂರಾರು ಇದ್ದಾರೆ, ಪ್ರವಾಸಿಗರು ನಕ್ಷೆ ಹಿಡಿದು ಹುಡುಕ್ತಾರೆ.

ಪೋಲೆಂಡಿನಿಂದ ಮತ್ತೆ ನಮ್ಮ ಲ್ಯಾಬಿಗೆ ಬರೋಣ. ಲ್ಯಾಪ್‌ಟಾಪು, ಫೋನು, ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಲ್ಲಿ ಎನ್‌ಎಂಸಿ ಅಂತ ಒಂದು ಬಗೆ ಇದೆ: ನಿಕೆಲ್, ಮ್ಯಾಂಗನೀಸ್, ಕೋಬಾಲ್ಟ್. ಮೂರರಲ್ಲಿ ಎರಡು ಆ ಹಳೇ ಭೂತಗಳದೇ ಹೆಸರು. ಪ್ರಪಂಚದ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಅಗೆದು ತೆಗೆಯುವುದು ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ, ಅದರಲ್ಲಿ ಒಂದು ಪಾಲು ಜನ ಕೈಯಿಂದ ತೋಡಿದ ಗುಂಡಿಗಳಿಂದ. ಮಾಸ್ಕ್ ಇಲ್ಲದೆ, ಗ್ಲೌಸ್ ಇಲ್ಲದೆ ದುಡಿಯುವವರನ್ನು, ಅವರ ನಡುವೆ ಮಕ್ಕಳನ್ನೂ, ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರ ವರದಿಯಲ್ಲಿ ದಾಖಲಿಸಿದೆ. ಕೋಬಾಲ್ಟ್ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಬರಬಹುದಾದ ಕಾಯಿಲೆಗೆ ಈಗಿನ ವೈದ್ಯರು ಹಾರ್ಡ್ ಮೆಟಲ್ ಲಂಗ್ ಡಿಸೀಸ್ ಅಂತಾರೆ. ಪ್ಯಾರಾಸೆಲ್ಸಸ್‌ಗೆ ಅದನ್ನು ತೋರಿಸಿದ್ದರೆ ಬೆಟ್ಟದ ರೋಗ ಅಂದಿರುತ್ತಿದ್ದ.